ಹಿಂಗಾರ ನೋಡಿ ಕೂಗಿದ ಬಿಡ್: ಬೇಸ್‌ಬಾಲ್ ಹರಾಜಿನಲ್ಲಿ ನನ್ನ ಅನುಭವ

2024ರ ಮಾರ್ಚ್‌ನಲ್ಲಿ ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ (ನಿಜವಾದ ಆಟಗಾರರನ್ನು ಆಟದ ದುಡ್ಡಿನಲ್ಲಿ ಕೊಂಡು ಕಾಗದದ ಮೇಲೆ ತಂಡ ಕಟ್ಟುವ ಆಟ, ಅವರು ಮೈದಾನದಲ್ಲಿ ಆಡಿದ ಹಾಗೆ ನಮಗೆ ಪಾಯಿಂಟ್) ಹರಾಜು ಮುಗಿದಾಗ ಉಳಿದ ಹನ್ನೊಂದು ಜನ ನನ್ನ ಪಿಚರ್‌ಗಳ (ಚೆಂಡು ಎಸೆಯುವವರ) ಪಟ್ಟಿ ನೋಡಿ ನಕ್ಕರು. ಸೆತ್ ಲೂಗೋ 9 ಡಾಲರ್, ಗ್ಯಾರೆಟ್ ಕ್ರೋಶೆ 4, ರೆನಾಲ್ಡೋ ಲೋಪೆಸ್ 2. "ಅಲ್ಲಾ ಗುರು, ಇದು ಪಿಚಿಂಗೋ ಚಿಲ್ಲರೆ ಅಂಗಡಿಯೋ?" ಅಂದ ಮೈಸೂರಿನ ಗೆಳೆಯ. ಆರು ತಿಂಗಳ ನಂತರ ಅದೇ ಪಟ್ಟಿ ಇಟ್ಟುಕೊಂಡು ನಾನು ಗೆದ್ದೆ. ಹತ್ತು ವರ್ಷ ಸೋತ ಮೇಲೆ ಬಂದ ಗೆಲುವು. ಹೇಗೆ ಮಾಡಿದೆ ಅಂತ ತುಂಬ ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನೀವೂ ಲೀಗ್ ಆಡುವವರಾದರೆ ಇದು ಗೊತ್ತೇ ಇರುತ್ತದೆ: ರೋಟೋ ಅಂದರೆ ಪ್ರತಿ ವಿಭಾಗದಲ್ಲಿ ಯಾರು ಎಷ್ಟನೆಯವರು ಅಂತ ನೋಡಿ ಪಾಯಿಂಟ್ ಕೊಡುವ ಲೆಕ್ಕ, ಇಆರ್‌ಎ ಅಂದರೆ ಪಿಚರ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮದು ಅಮೆರಿಕದ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಹನ್ನೆರಡು ಜನರ ಲೀಗ್. ಐದು ಜನ ಕನ್ನಡದವರು. ಹರಾಜಿಗೆ ಮಾಮೂಲಿ 260 ಡಾಲರ್ ಆಟದ ಬಜೆಟ್, ಹತ್ತು ವಿಭಾಗ (ಹೋಮ್ ರನ್, ಇಆರ್‌ಎ ಥರದ ಅಂಕಿಗಳು). ಒಂದೇ ಒಂದು ನಿಯಮ ಬೇರೆ, ಆಟವೆಲ್ಲ ಅದರಲ್ಲೇ ಇದೆ. ಹರಾಜಿನಲ್ಲಿ ಕೊಂಡ ಆಟಗಾರನಿಗೆ ಒಂದರಿಂದ ಮೂರು ವರ್ಷದ ಕರಾರು ಬರೆಯಬಹುದು, ಬೆಲೆ ಮೂರೂ ವರ್ಷ ಅದೇ. ಮಧ್ಯದಲ್ಲಿ ಕೈಬಿಟ್ಟರೆ ಉಳಿದ ಪ್ರತಿ ವರ್ಷಕ್ಕೂ ಅರ್ಧ ಬೆಲೆ ನಮ್ಮ ಬಜೆಟ್‌ನಿಂದ ಹೋಗುತ್ತದೆ. ಅಂದರೆ ನಿಜವಾದ ತಂಡಗಳಿಗೆ ಫ್ರೀ ಏಜೆಂಟ್ (ಕರಾರು ಮುಗಿದು ಯಾವ ತಂಡವನ್ನಾದರೂ ಸೇರಬಹುದಾದ ಆಟಗಾರ) ವಿಷಯದಲ್ಲಿ ಇರುವ ತಲೆನೋವು ನಮಗೂ ಇದೆ. ಪ್ರವೇಶ ಶುಲ್ಕ ಮಾತ್ರ ನಿಜವಾದ ದುಡ್ಡು, ವರ್ಷಕ್ಕೆ 200 ಡಾಲರ್. ಗೆದ್ದವರಿಗೆ 1400, ಎರಡನೆಯವರಿಗೆ 700, ಮೂರನೆಯವರಿಗೆ 300.

ನಾನು ಸೇರಿದ್ದು 2014ರಲ್ಲಿ. ಮೊದಲ ವರ್ಷ ಒಂಬತ್ತನೇ ಸ್ಥಾನ, ಆಮೇಲೆ ಹನ್ನೊಂದು, ಆಮೇಲೆ ಏಳೋ ಎಂಟೋ. 2017ರದ್ದು ಮಾತ್ರ ಇವತ್ತಿಗೂ ಮರೆತಿಲ್ಲ. ಮೂವತ್ತು ದಾಟಿದ ಮೂರು ದೊಡ್ಡ ಹೆಸರುಗಳಿಗೆ ಸುಮಾರು 110 ಡಾಲರ್ ಸುರಿದೆ. ಅದರಲ್ಲಿ ಒಬ್ಬ ಪಿಚರ್‌ಗೆ 38, ಅದೂ ಮೂರು ವರ್ಷದ ಕರಾರು. ಮೇ ತಿಂಗಳಲ್ಲಿ ಅವನ ಮೊಣಕೈ ಹೋಯಿತು, ಟಾಮಿ ಜಾನ್ ಸರ್ಜರಿ (ಮೊಣಕೈಯ ಹರಿದ ಸ್ನಾಯುಬಂಧ ಸರಿಪಡಿಸುವುದು). ಕೈಬಿಟ್ಟೆ. ಮುಂದಿನ ಎರಡು ವರ್ಷವೂ ಹರಾಜಿಗೆ ಕೂರುವ ಮೊದಲೇ 19 ಡಾಲರ್ ಕಳೆದುಕೊಂಡು ಕೂತೆ. ಎಲ್ಲರೂ 260 ಹಿಡಿದು ಬಂದರೆ ನಾನು 241 ಹಿಡಿದು ಬಂದೆ. ಆ 19 ಡಾಲರಿಗೆ ಒಳ್ಳೆಯ ಸೆಕೆಂಡ್ ಬೇಸ್‌ಮನ್ ಬರುತ್ತಿದ್ದ. ಸತ್ತ ದುಡ್ಡು ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆಗ.

ನಿಜವಾದ ತಂಡಗಳ ಕಥೆ ಇದಕ್ಕಿಂತ ದೊಡ್ಡದು. ನಾನು ಇಲ್ಲಿಗೆ ಬಂದಾಗ ನಮ್ಮೂರಿನ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ ಅಭಿಮಾನಿಗಳ ಬಾಯಲ್ಲಿ ಪಿಚರ್ ಬ್ಯಾರಿ ಝೀಟೋ ಹೆಸರೇ ಇತ್ತು. ಏಳು ವರ್ಷಕ್ಕೆ 126 ಮಿಲಿಯನ್ ಡಾಲರ್. 2010ರಲ್ಲಿ ತಂಡ ವರ್ಲ್ಡ್ ಸೀರೀಸ್ (ವರ್ಷದ ಫೈನಲ್ ಸರಣಿ) ಗೆದ್ದಾಗ ಅವನು ಪ್ಲೇಆಫ್ (ಲೀಗ್ ಹಂತದ ನಂತರದ ನಾಕೌಟ್) ಪಟ್ಟಿಯಲ್ಲೇ ಇರಲಿಲ್ಲ. 2012ರ ಪ್ಲೇಆಫ್‌ನಲ್ಲಿ ಕಾರ್ಡಿನಲ್ಸ್ ಮೇಲೆ ಐದನೇ ಪಂದ್ಯ, ಟೈಗರ್ಸ್ ಮೇಲೆ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ಗೆಲ್ಲಿಸಿ ಊರಿನ ಪ್ರೀತಿ ವಾಪಸ್ ಪಡೆದ. ಆದರೂ ಏಳು ವರ್ಷಕ್ಕೆ ಕೊಟ್ಟ ದುಡ್ಡು ಎರಡು ಪಂದ್ಯಕ್ಕೆ ಸರಿಹೋಗುತ್ತದಾ? ಬಾಲ್ಟಿಮೋರ್ 2016ರಲ್ಲಿ ಕ್ರಿಸ್ ಡೇವಿಸ್‌ಗೆ ಏಳು ವರ್ಷ, 161 ಮಿಲಿಯನ್ ಕೊಟ್ಟಿತು. 2018ರಲ್ಲಿ ಅವನ ಬ್ಯಾಟಿಂಗ್ ಸರಾಸರಿ .168, ತೀರಾ ಕಳಪೆ. ಪಿಚರ್ ಸ್ಟ್ರಾಸ್‌ಬರ್ಗ್ 2019ರ ವರ್ಲ್ಡ್ ಸೀರೀಸ್ ಗೆಲ್ಲಿಸಿ 245 ಮಿಲಿಯನ್ ಬರೆಸಿಕೊಂಡ, ಆಮೇಲೆ ಆಡಿದ್ದು ಒಟ್ಟು ಎಂಟು ಪಂದ್ಯ. ಯಾರನ್ನೂ ದೂರುತ್ತಿಲ್ಲ, ಮೈ ಕೈ ಕೊಟ್ಟರೆ ಯಾರು ಏನು ಮಾಡಲಾಗುತ್ತದೆ. ಆದರೆ ಹಣ ಕೊಟ್ಟವರು ನೋಡಿದ್ದು ಹಿಂದಿನ ವರ್ಷವನ್ನು.

ನಮ್ಮದು ಚನ್ನಗಿರಿ ಕಡೆ, ಅಡಿಕೆ ತೋಟದ ಮನೆ. ಚೇಣಿ (ಫಸಲಿನ ಗುತ್ತಿಗೆ) ಹಿಡಿಯುವವರು ತೋಟಕ್ಕೆ ಬಂದರೆ ಹೋದ ವರ್ಷ ಎಷ್ಟು ಕ್ವಿಂಟಲ್ ಆಯ್ತು ಅಂತ ಕೇಳುತ್ತಾರೆ ನಿಜ, ಆದರೆ ಬೆಲೆ ಕಟ್ಟುವುದು ಅದರ ಮೇಲಲ್ಲ. ಕತ್ತು ಎತ್ತಿ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು ನೋಡುತ್ತಾರೆ. ಹರಳು (ಎಳೆ ಕಾಯಿ) ನಿಂತಿದೆಯಾ, ಉದುರಿದೆಯಾ, ಅಷ್ಟೇ. 2019ರಲ್ಲಿ ಊರಿಗೆ ಹೋಗಿದ್ದಾಗ ನಮ್ಮ ತೋಟದ ಚೇಣಿ ಮಾತು ನಡೆಯುತ್ತಿತ್ತು. ಅಪ್ಪ ಹೋದ ವರ್ಷದ ಫಸಲಿನ ಲೆಕ್ಕ ಹೇಳಿದರು. ಚೇಣಿದಾರ ತಲೆ ಅಲ್ಲಾಡಿಸಿ, "ಹೋದ ವರ್ಷದ ಅಡಿಕೆ ಹೋದ ವರ್ಷವೇ ಮಾರಿ ಆಯ್ತಲ್ಲ ಯಜಮಾನ್ರೇ" ಅಂದ. ನನಗೆ ಆ ಕ್ಷಣದಲ್ಲೇ ನನ್ನ 38 ಡಾಲರ್ ಪಿಚರ್ ನೆನಪಾದ.

ವಾಪಸ್ ಬಂದು ಮಾಡಿದ ಮೊದಲ ಕೆಲಸ, ವರ್ಷಕ್ಕೆ 60 ಡಾಲರ್ ಕೊಟ್ಟು ತರಿಸುತ್ತಿದ್ದ, ಯಾರು ಹೇಗೆ ಆಡಬಹುದು ಅನ್ನುವ ಅಂದಾಜು ಪಟ್ಟಿ ನಿಲ್ಲಿಸಿದ್ದು. ಹನ್ನೆರಡು ಜನರೂ ಅದನ್ನೇ ನೋಡಿ ಬಿಡ್ ಕೂಗಿದರೆ ಅಗ್ಗದ ಆಟಗಾರ ಎಲ್ಲಿಂದ ಬರಬೇಕು? ಅದರ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡೆ. ಈ ವರ್ಷ ಇವನಲ್ಲಿ ಹೊಸದೇನಿದೆ? ಹೊಸ ತಂಡವೋ, ಹೊಸ ಕೆಲಸವೋ, ಹೊಸ ಎಸೆತವೋ. ಹೊಸದೇನೂ ಇಲ್ಲದ ದೊಡ್ಡ ಹೆಸರಿಗೆ ಕೈ ಎತ್ತುವುದಿಲ್ಲ.

ಎರಡನೆಯದು, ಒಂದು ವರ್ಷದ ಕರಾರಿನವರು. ನಿಜವಾದ ತಂಡ ಒಬ್ಬ ಪಿಚರ್‌ಗೆ ಒಂದೇ ವರ್ಷ ಬರೆದಿದೆ ಅಂದರೆ ಸಾಮಾನ್ಯವಾಗಿ ಅವನು ಹಿಂದಿನ ವರ್ಷ ಕೆಟ್ಟಿದ್ದಾನೆ, ಆದರೂ ಅವನಲ್ಲಿ ಆ ತಂಡಕ್ಕೆ ಏನೋ ಕಂಡಿದೆ ಅಂತ ಅರ್ಥ. 2021ರಲ್ಲಿ ಟೊರಾಂಟೋ ರಾಬಿ ರೇಗೆ 8 ಮಿಲಿಯನ್, ಜಯಂಟ್ಸ್ ಆಂಟನಿ ಡಿಸ್ಕ್ಲಫಾನಿಗೆ 6 ಮಿಲಿಯನ್ ಕೊಟ್ಟವು. ನಾನು ಇಬ್ಬರನ್ನೂ ಕೊಂಡೆ, ರೇ 3 ಡಾಲರ್, ಡಿಸ್ಕ್ಲಫಾನಿ 1 ಡಾಲರ್. ರೇ ಆ ವರ್ಷ ಸೈ ಯಂಗ್ (ವರ್ಷದ ಶ್ರೇಷ್ಠ ಪಿಚರ್ ಪ್ರಶಸ್ತಿ) ಗೆದ್ದ. ಡಿಸ್ಕ್ಲಫಾನಿ 13 ಪಂದ್ಯ ಗೆದ್ದ, ಜಯಂಟ್ಸ್ 107 ಗೆದ್ದಿತು. ನಾನು ಮೂರನೇ ಸ್ಥಾನಕ್ಕೆ ಬಂದು ಮೊದಲ ಸಲ 300 ಡಾಲರ್ ನೋಡಿದೆ.

ಇಲ್ಲಿ ದೊಡ್ಡ ತಪ್ಪು ಮಾಡಿದೆ. ಮೂರನೇ ಸ್ಥಾನದ ಖುಷಿಯಲ್ಲಿ 2022ರಲ್ಲಿ ಅದೇ ಥರದ ಇಬ್ಬರು ಪಿಚರ್‌ಗಳಿಗೆ 20 ಡಾಲರ್ ಮೇಲೆ ಕೊಟ್ಟು ಮೂರು ವರ್ಷ ಬರೆದೆ. ಅಂದರೆ ಹಿಂಗಾರ ನೋಡುವುದು ಬಿಟ್ಟು ಮತ್ತೆ ಹೋದ ವರ್ಷದ ಗೊನೆ ಎಣಿಸಿದೆ. ಇಬ್ಬರೂ ಹಾಳಾದರು. ಹತ್ತನೇ ಸ್ಥಾನ. ಜಯಂಟ್ಸ್ ಕೂಡ ಆ ಚಳಿಗಾಲ ಇದೇ ದಾರಿ ಹಿಡಿದಿತ್ತು. ಡಿಸ್ಕ್ಲಫಾನಿಗೆ ಮೂರು ವರ್ಷಕ್ಕೆ 36 ಮಿಲಿಯನ್ ಬರೆಯಿತು, 2022ರಲ್ಲಿ ಅವನು ಆಡಿದ್ದು ಐದೇ ಪಂದ್ಯ. ಕಂಪನಿ ನಡೆಸುವವರಿಗೇ ಹಾಗಾದರೆ ನಮ್ಮದೇನು. ಆಮೇಲಿಂದ ನನ್ನ ನಿಯಮ ಗಟ್ಟಿ: ಸುಧಾರಿಸಿಕೊಂಡ ಪಿಚರ್‌ನಿಂದ ಒಂದು ವರ್ಷ ಪಡೆಯಬೇಕು, ನಮಸ್ಕಾರ ಹೇಳಿ ಕಳಿಸಬೇಕು. ಎರಡನೇ ವರ್ಷ ಬೇರೆಯವರು ಕೊಳ್ಳಲಿ.

ಮಧ್ಯದಲ್ಲಿ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. 2023ರ ಬೇಸಿಗೆಯಲ್ಲಿ ಸ್ಯಾನ್ ಹೋಸೆ ಜಯಂಟ್ಸ್ ಪಂದ್ಯಗಳಿಗೆ ನೋಟ್‌ಬುಕ್ ಹಿಡಿದು ಹೋದೆ. ಸಿಂಗಲ್ ಎ (ಕೆಳ ಹಂತದ ಲೀಗ್) ಹುಡುಗರಲ್ಲಿ ಯಾರು ಮೂರು ಥರದ ಎಸೆತ ಎಸೆಯುತ್ತಾರೆ ಅಂತ ಬರೆದುಕೊಂಡೆ. ಹದಿನಾಲ್ಕೋ ಹದಿನೈದೋ ಪಂದ್ಯ, ಟಿಕೆಟ್, ಪಾರ್ಕಿಂಗ್, ಮಗಳ ಐಸ್‌ಕ್ರೀಂ ಸೇರಿ 500 ಡಾಲರ್ ಖರ್ಚು. ಆ ಮಟ್ಟದ ಹುಡುಗರು ಮೇಲೆ ಬರಲು ಮೂರ್ನಾಲ್ಕು ವರ್ಷ ಬೇಕು, ನನ್ನ ಲೀಗಿಗೆ ಒಬ್ಬನೂ ಸಿಗಲಿಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಬ್ಬನೇ ಬ್ಯಾಟರ್ ಮೂರನೇ ಸಲ ಎದುರು ನಿಂತಾಗ ಎರಡೇ ಬಗೆಯ ಎಸೆತದ ಪಿಚರ್ ಒದ್ದಾಡುತ್ತಾನೆ, ನಾಲ್ಕು ಬಗೆ ಇರುವವನು ಆರಾಮಾಗಿ ಇರುತ್ತಾನೆ. ಓದಿ ಗೊತ್ತಿದ್ದ ಮಾತೇ, ಕಣ್ಣಾರೆ ನೋಡಿದ ಮೇಲೆ ನಂಬಿಕೆ ಬಂತು.

ಈ ನಂಬಿಕೆಯೇ ರಿಲೀವರ್‌ಗಳ (ಪಂದ್ಯದ ಮಧ್ಯೆ ಬಂದು ಸ್ವಲ್ಪ ಹೊತ್ತು ಎಸೆಯುವ ಪಿಚರ್‌ಗಳ) ಕಡೆ ಕರೆದುಕೊಂಡು ಹೋಯಿತು. ರಿಲೀವರ್ ಆಗಿದ್ದವನನ್ನು ತಂಡವೊಂದು ಸ್ಟಾರ್ಟರ್ (ಪಂದ್ಯ ಶುರುಮಾಡಿ ಹೆಚ್ಚು ಹೊತ್ತು ಎಸೆಯುವವನು) ಮಾಡುತ್ತಿದ್ದರೆ, ಅವನ ಹತ್ತಿರ ಎಸೆತಗಳ ಸಂಗ್ರಹ ಇದ್ದರೆ, ಅವನೇ ಹಿಂಗಾರ. ಲೂಗೋ ಮೆಟ್ಸ್‌ನಲ್ಲಿ ವರ್ಷಗಟ್ಟಲೆ ರಿಲೀವರ್. 2023ರಲ್ಲಿ ಪ್ಯಾಡ್ರೆಸ್ ಅವನನ್ನು ಸ್ಟಾರ್ಟರ್ ಮಾಡಿತು, 146 ಇನಿಂಗ್ಸ್ ಎಸೆದ. ಆ ಡಿಸೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ಮೂರು ವರ್ಷಕ್ಕೆ 45 ಮಿಲಿಯನ್ ಕೊಟ್ಟಿತು. ವಯಸ್ಸು 34. ವಯಸ್ಸು ನೋಡಿ ನಮ್ಮ ಲೀಗಿನಲ್ಲಿ ಯಾರೂ ಮುಟ್ಟಲಿಲ್ಲ. ನಾನು ನೋಡಿದ್ದು ಆ ಕೈಯಲ್ಲಿ ಎಷ್ಟು ಬಗೆಯ ಎಸೆತ ಇದೆ, ಎಷ್ಟು ಕಡಿಮೆ ಸವೆದಿದೆ ಅಂತ. 2024ರಲ್ಲಿ ಲೂಗೋ ಲೆಕ್ಕ: 206 ಇನಿಂಗ್ಸ್, 16 ಗೆಲುವು, ಇಆರ್‌ಎ 3.00, ಸೈ ಯಂಗ್ ಮತಗಳಲ್ಲಿ ಎರಡನೇ ಸ್ಥಾನ. ಅಟ್ಲಾಂಟಾದ ಲೋಪೆಸ್ ಕೂಡ ಹಾಗೇ, ಇಆರ್‌ಎ 1.99. ಕ್ರೋಶೆ ಟಾಮಿ ಜಾನ್ ಮುಗಿಸಿ 2023ರಲ್ಲಿ ಹದಿಮೂರು ಇನಿಂಗ್ಸ್ ಕೂಡ ಎಸೆದಿರಲಿಲ್ಲ. 2024ರಲ್ಲಿ ಸ್ಟಾರ್ಟರ್ ಆಗಿ 146 ಇನಿಂಗ್ಸ್‌ಗೆ 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ವೈಟ್ ಸಾಕ್ಸ್ 121 ಪಂದ್ಯ ಸೋತಿದ್ದರಿಂದ ಅವನಿಗೆ ಗೆಲುವು ಆರೇ ಸಿಕ್ಕಿತು, ಅದು ಗೊತ್ತಿದ್ದೇ ಕೊಂಡಿದ್ದೆ.

ಈ ಮೂವರ ಜೊತೆ ಇನ್ನೂ ನಾಲ್ಕು ಜನರನ್ನು ಇದೇ ಲೆಕ್ಕದಲ್ಲಿ ಒಂದೆರಡು ಡಾಲರಿಗೆ ಕೊಂಡಿದ್ದೆ. ನಾಲ್ವರೂ ಜೂನ್ ಒಳಗೆ ಹೋದರು. ಏಳರಲ್ಲಿ ಮೂರು ನಿಂತರೆ ಸಾಕು, ಯಾಕೆಂದರೆ ಏಳೂ ಸೇರಿ ಬೆಲೆ 24 ಡಾಲರ್ ಒಳಗೇ ಇತ್ತು. ಆ ವರ್ಷ ಒಬ್ಬ ಏಸ್ ಪಿಚರ್‌ಗೇ ಅದಕ್ಕಿಂತ ಜಾಸ್ತಿ ಇತ್ತು. ಹರಾಜಿನಲ್ಲಿ ಇವರ ಹೆಸರನ್ನು ಯಾವ ಹೊತ್ತಿಗೆ ಎತ್ತಬೇಕು, ಯಾರ ಹಿಂದೆ ಎತ್ತಬೇಕು ಅನ್ನೋದು ಮಾತ್ರ ನನ್ನಲ್ಲೇ ಇರಲಿ. ನಮ್ಮ ಲೀಗಿನ ನಾಲ್ಕು ಜನ ಇದನ್ನು ಓದುತ್ತಾರೆ.

ಉಳಿಸಿದ ದುಡ್ಡೆಲ್ಲ ಚಿಕ್ಕ ವಯಸ್ಸಿನ ಬ್ಯಾಟರ್‌ಗಳಿಗೆ ಹೋಯಿತು. ಬಾಬಿ ವಿಟ್ ಜೂನಿಯರ್‌ಗೆ 46 ಕೊಟ್ಟು ಮೂರು ವರ್ಷ ಬರೆದೆ, ಕಣ್ಣು ಮುಚ್ಚಿಕೊಂಡು. .332, 32 ಹೋಮ್ ರನ್, 31 ಕದ್ದ ಬೇಸ್. ಈ ದಾರಿಯಲ್ಲಿ ನಡೆಯಲು ಧೈರ್ಯ ಕೊಟ್ಟಿದ್ದೇ ಕ್ಯಾನ್ಸಸ್ ಸಿಟಿ. 23 ವರ್ಷದ ವಿಟ್‌ಗೆ ಹನ್ನೊಂದು ವರ್ಷದ ಕರಾರು, ಪಿಚರ್‌ಗಳಾದ ಲೂಗೋ ಮತ್ತು ವಾಕಾಗೆ ಚಿಕ್ಕ ಕರಾರು. 2023ರಲ್ಲಿ 106 ಸೋತ ತಂಡ 2024ರಲ್ಲಿ 86 ಗೆದ್ದು ಪ್ಲೇಆಫ್ ಸೇರಿತು. ಉದ್ದದ ಕರಾರು ಬರೆಯಲೇಬೇಕು ಅಂದರೆ 28ರ ಒಳಗಿನವನಿಗೆ ಬರೆಯಬೇಕು. ಟೆಕ್ಸಸ್‌ನಲ್ಲಿ ನೋಡಿ. ಪಿಚರ್ ಡಿಗ್ರಾಮ್‌ಗೆ ಐದು ವರ್ಷ, 185 ಮಿಲಿಯನ್. 2023ರಲ್ಲಿ ಆರು ಪಂದ್ಯ ಆಡಿ ಸರ್ಜರಿಗೆ ಹೋದ. ಆ ವರ್ಷ ತಂಡ ವರ್ಲ್ಡ್ ಸೀರೀಸ್ ಗೆದ್ದಿತು, ಸರಣಿಯ ಶ್ರೇಷ್ಠ ಆಟಗಾರ ಕೋರಿ ಸೀಗರ್. ಅವನು ಹತ್ತು ವರ್ಷದ ಕರಾರಿಗೆ ಸಹಿ ಮಾಡಿದಾಗ ವಯಸ್ಸು 27.

ಮೈಸೂರಿನ ಗೆಳೆಯ ಇದನ್ನು ಒಪ್ಪುವುದಿಲ್ಲ. ಅವನ ತಂಡದಲ್ಲಿ ಬ್ಯಾಟರ್ ಆರನ್ ಜಡ್ಜ್ ಇದ್ದ. ಮೂವತ್ತರಲ್ಲಿ 360 ಮಿಲಿಯನ್ ಬರೆಸಿಕೊಂಡವನು, 2024ರಲ್ಲಿ 58 ಹೋಮ್ ರನ್. "ಇದಕ್ಕೇನು ಹೇಳ್ತೀಯಾ?" ಅಂತ ಇಡೀ ಸೀಸನ್ ಕೇಳಿದ. ಪಿಚರ್ ಷರ್ಝರ್ ಹೆಸರೂ ತೆಗೆದ, ವಾಷಿಂಗ್ಟನ್‌ಗೆ ಬಂದ ಮೇಲೆ ಎರಡು ಸೈ ಯಂಗ್, ಒಂದು ವರ್ಲ್ಡ್ ಸೀರೀಸ್. ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಅಂಥವರು ಇದ್ದಾರೆ. ಆದರೆ ಜಡ್ಜ್‌ಗೆ 48 ಕೊಟ್ಟು ಗೆಳೆಯ ಎರಡನೆಯವನಾದ, ಅವನ ಬೇರೆ ಎರಡು ದೊಡ್ಡ ಹೆಸರುಗಳು ಜುಲೈ ಹೊತ್ತಿಗೆ ಮಲಗಿದ್ದವು.

ಕೊನೆಯ ಪೆಟ್ಟು ಕೊಟ್ಟಿದ್ದು ಪಿಚರ್ ಬ್ಲೇಕ್ ಸ್ನೆಲ್. ನಮ್ಮ ಹರಾಜಿನ ದಿನ ಅವನಿಗೆ ತಂಡವೇ ಇರಲಿಲ್ಲ. 2023ರ ಸೈ ಯಂಗ್ ಅನ್ನುವ ಕಾರಣಕ್ಕೆ ಒಬ್ಬರು 27ಕ್ಕೆ ಕೊಂಡರು. ಮಾರ್ಚ್ ಮೂರನೇ ವಾರದಲ್ಲಿ ಜಯಂಟ್ಸ್ ಸೇರಿದ. ಸ್ಪ್ರಿಂಗ್ ತಾಲೀಮು ಇಲ್ಲ, ಮೊದಲ ಆರು ಪಂದ್ಯಕ್ಕೆ ಇಆರ್‌ಎ ಒಂಬತ್ತೂವರೆ, ಮಧ್ಯೆ ಗಾಯ. ಅವನನ್ನು ಕೊಂಡವರು ಬೇಸತ್ತು ಬಿಟ್ಟುಬಿಟ್ಟರು. ತಡವಾಗಿ ಸಹಿ ಮಾಡಿದವರ ಪಟ್ಟಿ ನಾನು ಆ ವರ್ಷ ಬೇರೆಯಾಗಿ ಬರೆದಿಟ್ಟಿದ್ದೆ. ಪಿಚರ್ ಜೋರ್ಡನ್ ಮಾಂಟ್ಗೊಮೆರಿ ಅರಿಝೋನಾದಲ್ಲಿ ವರ್ಷವಿಡೀ ಒದ್ದಾಡಿದ, ಬ್ಯಾಟರ್ ಮ್ಯಾಟ್ ಚಾಪ್ಮನ್‌ಗೆ ಏನೂ ಆಗಲಿಲ್ಲ. ಪಿಚರ್‌ಗೆ ಮಾತ್ರ ತಾಲೀಮು ಇಲ್ಲದಿದ್ದರೆ ಕೈ ಕೂರುವುದಿಲ್ಲ, ಕೂತ ಮೇಲೆ ಅವನು ಹಳೆಯ ಸ್ನೆಲ್ಲೇ ಅನ್ನಿಸಿತು. ಜುಲೈ ಮೊದಲ ವಾರ, ವಾರದ ಬಿಡ್ ಹಣದಲ್ಲಿ (ಯಾರ ತಂಡದಲ್ಲೂ ಇಲ್ಲದವರಿಗೆ ಸೀಸನ್ ಮಧ್ಯೆ ಕೂಗುವ ಹಣ) 7 ಡಾಲರಿಗೆ ಎತ್ತಿಕೊಂಡೆ. ಉಳಿದ ಹದಿನಾಲ್ಕು ಪಂದ್ಯದಲ್ಲಿ ಅವನ ಇಆರ್‌ಎ 1.23. ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ನೋ ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ). ಆ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು ನೋಡಿದೆವು. ಸೀಸನ್ ಮುಗಿದಾಗ ನನಗೆ 92 ಪಾಯಿಂಟ್ ಸುಮಾರು, ಗೆಳೆಯನಿಗೆ 87.

2025ರಲ್ಲಿ ಲೂಗೋನನ್ನು ನಿಯಮದಂತೆ ಬಿಟ್ಟೆ. ಬೇರೆಯವರು 19ಕ್ಕೆ ಕೊಂಡರು. ಕ್ರೋಶೆಗೆ ಮಾತ್ರ ಮೂರು ವರ್ಷ ಬರೆದಿದ್ದೆ, 24 ವರ್ಷದ ಹುಡುಗ ಅಂತ. ಬೋಸ್ಟನ್‌ಗೆ ಹೋಗಿ 255 ಸ್ಟ್ರೈಕ್‌ಔಟ್ ಮಾಡಿದ, ನನಗೆ ಬಿದ್ದ ಬೆಲೆ ಅದೇ 4 ಡಾಲರ್. ನಾನು ಎರಡನೇ ಸ್ಥಾನ. ಹನ್ನೆರಡು ವರ್ಷದಲ್ಲಿ ಕೊಟ್ಟಿದ್ದು 2400, ಬಂದಿದ್ದು 300, 1400, 700. ಶುಲ್ಕದ ಲೆಕ್ಕ ಸರಿಸಮ ಆಯಿತು. ಕ್ರೋಶೆ ಕರಾರಿನಲ್ಲಿ ಇನ್ನೂ ಒಂದು ವರ್ಷ ಬಾಕಿ ಇದೆ, ಮೈಸೂರಿನವನು ಈಗಾಗಲೇ ಎರಡು ಸಲ ಟ್ರೇಡ್ ಕೇಳಿದ್ದಾನೆ.