ಸಿಎನ್‌ಸಿಯಲ್ಲಿ ಹೂಬಳ್ಳಿ: ಮೊದಲ ಹಲಗೆಯಿಂದ ದಾರಂದದವರೆಗೆ

ಸಾಗರ, ಸೊರಬದ ಗುಡಿಗಾರರು ಗಂಧದ ಮರದಲ್ಲಿ ಬಳ್ಳಿ ತೆಗೆಯುವುದನ್ನು ನೋಡಿದ್ದೀರಾ? ಎಲೆಯ ಒಂದು ಅಂಚು ಆಳಕ್ಕೆ ಇಳಿದಿರುತ್ತದೆ, ಇನ್ನೊಂದು ಎದ್ದು ನಿಂತಿರುತ್ತದೆ. ಆ ಏರಿಳಿತದಿಂದಲೇ ಎಲೆಗೆ ಜೀವ. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಮರ ಕೆತ್ತುವ ಸಿಎನ್‌ಸಿ ಮೆಷಿನ್ನಿನ ಕೆಲಸ ಕಲಿಯಲು ನಮ್ಮಲ್ಲಿಗೆ ಬರುವ ಹುಡುಗರು ಮೊದಲು ಕೇಳುವುದು "ಅಣ್ಣಾ, ಡಿಸೈನ್ ಫೈಲ್ ಎಲ್ಲಿ ಸಿಗ್ತದೆ?" ಅಂತ. ಪೆನ್‌ಡ್ರೈವ್ ತುಂಬ ಸಿಗುತ್ತವೆ ಮಾರಾಯ್ರೆ. ನಾನು ಕೈಗೆ ಕೊಡುವುದು ಪೆನ್ಸಿಲ್ಲು.

ಒಂದು ಬಳ್ಳಿ, ಮೂರು ಎಲೆ, ಒಂದು ಹೂವು ಬರೆಯಿರಿ. ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಗೆರೆಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶಕ್ಕೆ ಹಾಕಿ, ದುಡ್ಡು ಕೊಡಬೇಕಿಲ್ಲ. ಅದರ ಮೇಲೆ ಕೈಯಾರೆ ಗೆರೆ ಎಳೆಯಿರಿ. ತಾನಾಗಿ ಟ್ರೇಸ್ ಮಾಡಿಸಿದರೆ ಒಂದೊಂದು ತಿರುವಿನಲ್ಲೂ ರಾಶಿ ಚುಕ್ಕಿ ಬಂದು ಕೂರುತ್ತವೆ, ಮೆಷಿನ್ ಅಲ್ಲಲ್ಲಿ ತಡವರಿಸಿ ಅಂಚು ಒರಟಾಗುತ್ತದೆ. ಪ್ರತಿ ಆಕಾರದ ಗೆರೆಯೂ ಸುತ್ತಿ ಬಂದು ಕೂಡಿರಲಿ.

ಮೊದಲಿಗೆ 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), 90 ಡಿಗ್ರಿ ವಿ-ಬಿಟ್ (V ಆಕಾರದ ಚೂಪು ತುದಿಯ ಕೆತ್ತುವ ಮೊನೆ) ಸಾಕು. ಈ ಬಿಟ್‌ನ ಕೆತ್ತನೆ, ಅಂದರೆ ವಿ-ಕಾರ್ವಿಂಗ್‌ನಲ್ಲಿ, ಆಕಾರದ ಅಗಲವೇ ಆಳವನ್ನು ನಿರ್ಧರಿಸುತ್ತದೆ. 90 ಡಿಗ್ರಿ ಬಿಟ್ ಅಗಲದ ಅರ್ಧದಷ್ಟು ಇಳಿಯುತ್ತದೆ: 10 ಎಂಎಂ ಎಲೆಗೆ 5 ಎಂಎಂ. ಅದೇ ಎಲೆಗೆ 60 ಡಿಗ್ರಿ ಬಿಟ್ ಹಾಕಿದರೆ ಸುಮಾರು 8.7 ಎಂಎಂ. ಕೂದಲೆಳೆಯಂಥ ದಂಟು ಪರದೆಯ ಮೇಲೆ ಚಂದ, ಮರದಲ್ಲಿ ಅದು ಬರೀ ಗೀರು. ಪಾಲಿಶ್ ಬಿದ್ದ ಮೇಲೆ ಅದೂ ಮುಚ್ಚಿಹೋಗುತ್ತದೆ. ದಂಟನ್ನು 3 ಎಂಎಂಗಿಂತ ತೆಳ್ಳಗೆ ಮಾಡಬೇಡಿ.

ಇದೇ ಲೆಕ್ಕದಿಂದ ಇನ್ನೊಂದು ಮಾತು ಹೊರಡುತ್ತದೆ. ಹಲಗೆ ಒಂದು ಮೂಲೆಯಲ್ಲಿ 0.5 ಎಂಎಂ ತಗ್ಗಿದ್ದರೆ 90 ಡಿಗ್ರಿ ಬಿಟ್‌ನಲ್ಲಿ ಅಲ್ಲಿ ಗೆರೆಯ ಅಗಲ 1 ಎಂಎಂ ಕಮ್ಮಿ. ಹಾಗಾಗಿ ಮೇಜಿನ ಮೇಲೆ ಎಂಡಿಎಫ್ ಹಾಸಿ, ಅದನ್ನು ಮೆಷಿನ್ನಿನಿಂದಲೇ ಒಮ್ಮೆ ಮಟ್ಟ ಮಾಡಿಸಿ. ನಿಮ್ಮ ಹಲಗೆಯನ್ನು ನಾಲ್ಕೂ ಮೂಲೆಯಲ್ಲಿ ಬಿಗಿಯಾಗಿ ಹಿಡಿಸಿ. ಬಿಟ್ಟಿನ ಕೆಳಗೆ ಕಾಗದದ ಚೂರಿಟ್ಟು ನಿಧಾನ ಇಳಿಸಿ, ಕಾಗದ ಸಿಕ್ಕಿಕೊಳ್ಳುವಲ್ಲಿ ಝಡ್ ಝೀರೊ, ಆಳದ ಲೆಕ್ಕ ಶುರುವಾಗುವ ಜಾಗ. ಮಧ್ಯದಲ್ಲಿ ಒಂದು ಸಲ, ಮೂಲೆಗಳಲ್ಲಿ ಒಂದೊಂದು ಸಲ ನೋಡಿ. ಬೇಜಾರಿನ ಕೆಲಸವೇ, ಆದರೂ ಬಿಡಬೇಡಿ.

ಬಿಟ್ ಮುಂದೆ ಓಡುವ ವೇಗಕ್ಕೆ ನಿಮಿಷದ ಸುತ್ತು (ಆರ್‌ಪಿಎಂ), ಬಿಟ್ಟಿನ ಅಲಗುಗಳ ಸಂಖ್ಯೆ, ಒಂದು ಅಲಗು ಕಚ್ಚುವ ದಪ್ಪ, ಮೂರನ್ನೂ ಗುಣಿಸಿ. 18,000 ಆರ್‌ಪಿಎಂ, ಎರಡು ಅಲಗು, 0.1 ಎಂಎಂ ಎಂದರೆ ನಿಮಿಷಕ್ಕೆ 3,600 ಎಂಎಂ. ಚಿಕ್ಕ ಮೆಷಿನ್ನಾದರೆ ಅರ್ಧದಿಂದ ಶುರು ಮಾಡಿ. ಹೆದರಿ ತೀರಾ ಇಳಿಸಿದರೆ ಬಿಟ್ ಕಡಿಯುವ ಬದಲು ಉಜ್ಜುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ. ಬಿಟ್ ತಿರುಗಿಸುವ ಮೋಟಾರಿಗೆ, ಅಂದರೆ ಸ್ಪಿಂಡಲ್‌ಗೆ, ನೀರಿನ ಪಂಪ್ ಇದ್ದರೆ ಅದು ಓಡುತ್ತಿದೆಯೇ ನೋಡಿ. ಎಂಡಿಎಫ್ ಧೂಳಿಗೆ ಮಾಸ್ಕ್ ಬೇಕೇ ಬೇಕು, ಕೈಗವಸು ಕೂಡದು.

ಉಬ್ಬು ಕೆತ್ತನೆಗೆ ಹೋಗುವುದು ಇದೆಲ್ಲ ಕೈಗೆ ಹತ್ತಿದ ಮೇಲೆ. 6 ಎಂಎಂ ಎಂಡ್‌ಮಿಲ್‌ನಿಂದ (ಚಪ್ಪಟೆ ತುದಿಯ ಬಿಟ್) ಒರಟಾಗಿ ತೆಗೆಯಿರಿ, ಮೈಮೇಲೆ 0.5 ಎಂಎಂ ಉಳಿಸಿ. ಆಮೇಲೆ 3 ಎಂಎಂ ಬಾಲ್‌ನೋಸ್ (ಗುಂಡು ತುದಿಯ ಬಿಟ್), ಬಿಟ್ ಓಡುವ ಸಾಲಿಂದ ಸಾಲಿಗೆ 0.3 ಎಂಎಂ. ಇದನ್ನು 0.15 ಮಾಡಿದರೆ ಹೊತ್ತು ದುಪ್ಪಟ್ಟು ಹಿಡಿಯುತ್ತದೆ, ದಾರಂದದ ಕೆಲಸಕ್ಕೆ ಅಷ್ಟು ನಯ ದಂಡ ಅಂತ ನನ್ನ ಲೆಕ್ಕ. ಬಿಟ್ ಮರದ ನಾರಿನ ಉದ್ದಕ್ಕೆ ಓಡಲಿ, ಅಡ್ಡ ಓಡಿದರೆ ಸಿಬಿರು ಏಳುತ್ತದೆ. ಸಾಗವಾನಿಯಲ್ಲಿ ಸಿಲಿಕಾ ಇರುತ್ತದೆ, ಬಿಟ್ ಬೇಗ ಮೊಂಡಾಗುತ್ತದೆ, ಕಾರ್ಬೈಡ್‌ನದೇ ತನ್ನಿ.

ಬಾಲ್‌ನೋಸ್ ತುದಿ ಗುಂಡಗಿರುವುದರಿಂದ ಎಲೆ ದಂಟಿಗೆ ಸೇರುವ ಮೂಲೆ ಚೂಪಾಗಿ ಬರುವುದಿಲ್ಲ. ಅಲ್ಲಿಗೆ ಸಣ್ಣ ಉಳಿ ಹಾಕಿ, ಎಲೆಯ ನಡುನರವನ್ನೂ ಉಳಿಯಲ್ಲೇ ಎಳೆಯಿರಿ. ಕೊನೆಗೆ 180ರ, ಆಮೇಲೆ 240ರ ಸ್ಯಾಂಡ್‌ಪೇಪರ್ ಉಬ್ಬಿದ ಕಡೆ ಮಾತ್ರ. ಆಳದ ಹುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆದೇ ಪಾಲಿಶ್ ಹಚ್ಚಿ.