ಹಾಸನದಲ್ಲಿದ್ದೇ ಸೀನಿಗೆ ಮ್ಯೂಸಿಕ್ ಮಾಡೋದು ಹೇಗೆ
ಸಿನಿಮಾ, ಸೀರಿಯಲ್‌ಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಮಾಡ್ಬೇಕು ಅನ್ನೋರು ಈಗ್ಲೇ ಬೆಂಗಳೂರು ಬಸ್ ಹತ್ಬೇಡಿ. ಫ್ರೆಂಡ್ ಮಾಡಿರೋ ಶಾರ್ಟ್ ಫಿಲ್ಮ್ ಇಸ್ಕೊಂಡು ನೋಡಿ, ಎಲ್ಲೆಲ್ಲಿ ಮ್ಯೂಸಿಕ್ ಬೇಡ ಅಂತ ಮೊದ್ಲು ಬರ್ಕೊಳಿ, ನನ್ ಪ್ರಕಾರ ಇದೇ ಮುಖ್ಯ, ಸಕಲೇಶಪುರದ ಮಳೆ ಸೌಂಡೇ ಸಾಕಾಗೋ ಕಡೆ ಪಿಟೀಲು ತುರುಕ್ಬೇಡಿ.

ಆಮೇಲೆ ಟೆಂಪೋ, ಅಂದ್ರೆ ಮ್ಯೂಸಿಕ್ ಸ್ಪೀಡಿನ ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ), ನಿಮಿಷಕ್ಕೆ 120 ಬೀಟ್ ಇಟ್ರೆ ಒಂದ್ ಬೀಟಿಗೆ 12 ಫ್ರೇಮ್, ಅಜ್ಜಿ ಬಾಗಿಲು ತೆಗೆಯೋದು ಸರಿಯಾಗಿ 6 ಸೆಕೆಂಡಿಗೆ ಇದ್ರೆ 12 ಬೀಟ್ ಮುಗಿದು 13ನೇದು ಅಲ್ಲೇ ಬೀಳುತ್ತೆ, ಮೈ ಜುಮ್ ಅನ್ನುತ್ತೆ ನೋಡಿ!

ಕಂಡಕ್ಟ್ ಮಾಡೋಕೆ, ಅಂದ್ರೆ ಕೈಸನ್ನೆಯಲ್ಲೇ ನುಡಿಸೋಕೆ, ನಾಕೈದು ಜನ ಪಿಟೀಲು, ಕೊಳಲಿನೋರನ್ನ ಸೇರಿಸಿ, ಹೆಡ್‌ಫೋನಲ್ಲಿ ಕ್ಲಿಕ್ (ಒಂದೊಂದ್ ಬೀಟಿಗೂ ಬರೋ ಟಿಕ್ ಸೌಂಡ್) ಕೇಳ್ಕೊಂಡು 4 ಬೀಟಿಗೆ ಬಲಗೈ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಶುರು ಮಾಡೋ ಮುಂಚೆ ಒಂದ್ ಬೀಟ್ ಕೈಯೆತ್ತಿ ನೀವೂ ಉಸಿರೆಳ್ಕೊಳಿ, ಕೊಳಲಿನೋರು ಅದನ್ನ ನೋಡ್ಕೊಂಡೇ ಉಸಿರು ತಗೊಳೋದು. ರೆಕಾರ್ಡ್ ಮಾಡಿದ ಫೈಲನ್ನ 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಲ್ಲಿ (ಸೆಕೆಂಡಿಗೆ ಎಷ್ಟು ಸಲ ಸೌಂಡ್ ಅಳೆದು ದಾಖಲಿಸುತ್ತೆ ಅನ್ನೋ ಲೆಕ್ಕ) ಕೊಡಿ.