ಮೆಟ್ರೋದಲ್ಲಿ ಸ್ಫೋಟ ಅಂದಾಗ ಯಾವ ಹೇಳಿಕೆಯನ್ನು ಎಷ್ಟು ನಂಬಬೇಕು?

ನೆಲದಡಿಯ ರೈಲಿನಲ್ಲಿ ಬಾಂಬ್ ಸಿಡಿದರೆ ಮೊದಲ ಅಧಿಕೃತ ಹೇಳಿಕೆ ಅರೆಬರೆಯಾಗಿಯೇ ಇರುತ್ತದೆ. ಸುರಂಗದೊಳಗೆ ಏನಾಗಿದೆ ಎಂಬುದು ಮೇಲೆ ಕೂತವರಿಗೆ ಕಾಣುವುದಿಲ್ಲ, ಅಷ್ಟೇ. ಇದನ್ನು ಕಲಿಯಲು 2005ರ ಜುಲೈ 7ರ ಲಂಡನ್ ದಾಳಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಮೊದಲ ಕೆಲಸ: ಪ್ರತಿ ಹೇಳಿಕೆಯ ಪಕ್ಕ ಅದು ಬಂದ ಗಂಟೆ, ಹೇಳಿದವರು ಯಾರು ಎಂಬುದನ್ನು ಬರೆದುಕೊಳ್ಳಿ. ಅಂದು ಬೆಳಗ್ಗೆ ರೈಲು ಸಂಸ್ಥೆ ಕೊಟ್ಟ ಕಾರಣ ವಿದ್ಯುತ್ ಏರುಪೇರು. 9.47ಕ್ಕೆ ಟ್ಯಾವಿಸ್ಟಾಕ್ ಸ್ಕ್ವೇರ್‌ನಲ್ಲಿ ಬಸ್ಸಿನ ಮೇಲ್ಮಹಡಿಯೇ ಕಿತ್ತುಹೋದ ಮೇಲೆ ಆ ಕಾರಣ ನಂಬುವಂತಿರಲಿಲ್ಲ. ಗಂಟೆ ನಮೂದಿಸದ ಸ್ಕ್ರೀನ್‌ಶಾಟ್ ಇಂಥ ಹಳಸಿದ ಮಾತನ್ನೇ ಸಂಜೆಯವರೆಗೂ ಹೊತ್ತು ತಿರುಗುತ್ತದೆ.

ಎರಡನೆಯದು ಸ್ಫೋಟಗಳ ಲೆಕ್ಕ. ಪೊಲೀಸರು ಮೊದಲು ಆರರಷ್ಟು ಸ್ಫೋಟ ಎಂದಿದ್ದರು. ಆಗಿದ್ದು ನಾಲ್ಕು, ಮೂರು ರೈಲು, ಒಂದು ಬಸ್ಸು. ರೈಲುಗಳು ನಿಲ್ದಾಣಗಳ ನಡುವೆ ನಿಂತಿದ್ದವು. ಕಿಂಗ್ಸ್ ಕ್ರಾಸ್ ಕಡೆಯಿಂದಲೂ ರಸೆಲ್ ಸ್ಕ್ವೇರ್ ಕಡೆಯಿಂದಲೂ ಮಸಿ ಮೆತ್ತಿದ ಗಾಯಾಳುಗಳು ಹತ್ತಿ ಬಂದಾಗ ಒಂದೇ ಘಟನೆ ಎರಡಾಗಿ ದಾಖಲಾಯಿತು. ಹಾಗಾಗಿ ಅಕ್ಕಪಕ್ಕದ ಎರಡು ನಿಲ್ದಾಣಗಳ ಹೆಸರು ಕೇಳಿದರೆ ಒಂದೇ ರೈಲು ಎಂಬ ಸಾಧ್ಯತೆಯನ್ನು ಮೊದಲು ನೋಡಿ. ಸಮಯವೂ ಹಾಗೆಯೇ: ರೈಲಿನ ಸ್ಫೋಟಗಳು 26 ನಿಮಿಷಗಳ ಅಂತರದಲ್ಲಿ ಆದವು ಎಂದುಕೊಂಡಿದ್ದರು. ಮೂರೂ 8.50ರ ಸುಮಾರಿಗೆ, 50 ಸೆಕೆಂಡುಗಳೊಳಗೆ ಆಗಿದ್ದವು ಎಂದು ಗೊತ್ತಾಗಿದ್ದು ಜುಲೈ 9ಕ್ಕೆ.

ಸಾವಿನ ಸಂಖ್ಯೆಯನ್ನು 'ಇಲ್ಲಿಯವರೆಗೆ' ಎಂಬ ಪದವಿಲ್ಲದೆ ಹಂಚಬೇಡಿ. ಅಂದು ಸಂಜೆ 37 ಎಂದಿದ್ದು ದಾಳಿಕೋರರನ್ನು ಬಿಟ್ಟು ಕೊನೆಗೆ 52ಕ್ಕೆ ಮುಟ್ಟಿತು: ರಸೆಲ್ ಸ್ಕ್ವೇರ್ ಬಳಿ 26, ಬಸ್ಸಿನಲ್ಲಿ 13, ಆಲ್ಡ್‌ಗೇಟ್ ಬಳಿ 7, ಎಡ್ಜ್‌ವೇರ್ ರೋಡ್‌ನಲ್ಲಿ 6. ರಸೆಲ್ ಸ್ಕ್ವೇರ್ ಇರುವ ಪಿಕಾಡಿಲಿ ಮಾರ್ಗ ಆಳದ ಇಕ್ಕಟ್ಟು ಸುರಂಗ. ಅಲ್ಲಿಂದ ದೇಹಗಳನ್ನು ತೆಗೆಯಲು ದಿನಗಳೇ ಹಿಡಿದವು. ಬೇರೆ ಬೇರೆ ವಾಹಿನಿಗಳ ಅಂಕಿಗಳನ್ನು ಕೂಡಿಸಲೇಬೇಡಿ, ಒಬ್ಬರನ್ನೇ ಎರಡು ಸಲ ಎಣಿಸಿರುತ್ತಾರೆ.

ನಿಮ್ಮವರು ಆ ಊರಿನಲ್ಲಿದ್ದರೆ ಕರೆ ಬದಲು ಎಸ್‌ಎಂಎಸ್ ಕಳಿಸಿ. ಅಂದು ಮೊಬೈಲ್ ಜಾಲ ಕಿಕ್ಕಿರಿದಿತ್ತು. ಆಲ್ಡ್‌ಗೇಟ್ ಸುತ್ತ ಒಂದು ಜಾಲವನ್ನು ಪೊಲೀಸರ ಕೋರಿಕೆಯಂತೆ ತುರ್ತು ಸೇವೆಯವರಿಗಷ್ಟೇ ಮೀಸಲಿಟ್ಟಿದ್ದರು.

ಇನ್ನು ಶಂಕಿತರ ವಿಷಯ. ಇಲ್ಲಿ ದಯವಿಟ್ಟು ಕೈ ಬಿಗಿಹಿಡಿಯಿರಿ. ಜುಲೈ 22ರಂದು ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಬ್ರೆಜಿಲ್‌ನ 27 ವರ್ಷದ ಎಲೆಕ್ಟ್ರಿಷಿಯನ್ ಒಬ್ಬರನ್ನು ಪೊಲೀಸರು ಗುಂಡಿಟ್ಟು ಕೊಂದರು. ದಪ್ಪ ಕೋಟು ಹಾಕಿದ್ದರು, ಗೇಟು ಹಾರಿದರು ಎಂದು ಸುದ್ದಿಯಾಯಿತು. ಅವರು ತೊಟ್ಟಿದ್ದು ತೆಳು ಡೆನಿಮ್ ಜಾಕೆಟ್. ಕಾರ್ಡ್ ಮುಟ್ಟಿಸಿಯೇ ಒಳಗೆ ಹೋಗಿದ್ದರು. ದಾಳಿಗೂ ಅವರಿಗೂ ಸಂಬಂಧವಿಲ್ಲ ಎಂದು ಪೊಲೀಸರು ಮರುದಿನ ಒಪ್ಪಿಕೊಂಡರು. ಹಾಗಾಗಿ 'ನಂಬಲಾಗಿದೆ', 'ನೇರ ಸಂಬಂಧವಿದೆ' ಎಂಬ ಮಾತುಗಳ ಮುಂದೆ 'ಯಾವ ಆಧಾರದಲ್ಲಿ?' ಎಂದು ಬರೆದಿಡಿ. ಉತ್ತರ ಸಿಗುವ ತನಕ ಯಾರ ಫೋಟೋವನ್ನೂ, ಹೆಸರನ್ನೂ ಫಾರ್ವರ್ಡ್ ಮಾಡಬೇಡಿ.

ನಾಯಕರ ಖಂಡನೆ, ಸಂತಾಪಗಳಿಂದ ಘಟನೆಯ ವಿವರ ಸಿಗುವುದು ಕಡಿಮೆ. ಗಟ್ಟಿ ವಿವರ ತನಿಖಾ ವರದಿಗಳಲ್ಲಿರುತ್ತದೆ. ಸುರಂಗದೊಳಗೆ ರಕ್ಷಣಾ ಸಿಬ್ಬಂದಿಯ ರೇಡಿಯೋಗಳು ಕೈಕೊಟ್ಟ ಸಂಗತಿಯನ್ನು ಲಂಡನ್ ಅಸೆಂಬ್ಲಿಯ (ಆ ನಗರದ ಚುನಾಯಿತ ಸಭೆ) ವರದಿ ವಿವರವಾಗಿ ಹೇಳಿದ್ದು 2006ರ ಜೂನ್‌ನಲ್ಲಿ. ಸಾವುಗಳ ಕುರಿತ ನ್ಯಾಯಾಂಗ ವಿಚಾರಣೆಯ ತೀರ್ಮಾನ ಬಂದಿದ್ದು 2011ರ ಮೇ 6ಕ್ಕೆ. ಅಷ್ಟು ಹೊತ್ತಿಗೆ ವಾಹಿನಿಗಳು ಮುಂದೆ ಹೋಗಿರುತ್ತವೆ. ಕ್ಯಾಲೆಂಡರಿನಲ್ಲಿ ಒಂದು ವರ್ಷದ ಮುಂದಿನ ದಿನಕ್ಕೆ ಗುರುತು ಹಾಕಿ, ಆಗ ಬರೆದಿಟ್ಟ ಹಾಳೆಯನ್ನು ತೆಗೆದು ವರದಿಯ ಪಕ್ಕ ಇಟ್ಟು ನೋಡಿ.